ಎಡೆಗೆ ಮೊದಲು ಉಪ್ಪು ನೋಡಬಹುದೇ?

ನಮ್ಮ ಮನೆಯಲ್ಲಿ ಎಡೆಯ ಅಡುಗೆಗೆ ಉಪ್ಪು ನೋಡುವ ಹಾಗಿಲ್ಲ. ನಾನು ಅಂಕೋಲೆಗೆ ಸೊಸೆಯಾಗಿ ಬಂದ ಮೊದಲ ಮಹಾಲಯ ಅಮಾವಾಸ್ಯೆಯ ದಿನ ಅತ್ತೆ ಒಲೆಯ ಪಕ್ಕ ನಿಂತು ಹೇಳಿದ ಮಾತು ಅದು: "ಹಿರಿಯರು ಉಂಬೂಕಿಂತ ಮೊದ್ಲು ನಾವು ನಾಲಿಗೆಗೆ ತಾಗಿಸೂಕಾಗ." ಕೈ ಅಂದಾಜಿನಲ್ಲೇ ಉಪ್ಪು ಹಾಕಬೇಕು, ಬಾಳೆ ಎಲೆಗೆ ಬಡಿಸಬೇಕು. ಸರಿಯಾಗಿತ್ತೋ ಇಲ್ಲವೋ ಎಂಬುದು ಗೊತ್ತಾಗುವುದು ಆಮೇಲೆ ನಾವು ಉಣ್ಣಲು ಕೂತಾಗಲೇ. ಮೂವತ್ತು ವರ್ಷ ಹಾಗೇ ಮಾಡಿದೆ. ಯಾಕೆಂದು ಕೇಳಲಿಲ್ಲ.

ಕೇಳುವಂತೆ ಮಾಡಿದವನು ಮಗ. ಅವನು ಪ್ರವಾಸಿಗರ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಕಾರವಾರ, ಅಂಕೋಲೆಯ ಹುಡುಗರು ಹೀಗೆ ಹಡಗು ಹತ್ತುವುದು ಹೊಸದಲ್ಲ. ಅಪ್ಪ ತೀರಿಕೊಂಡಾಗ ಅವನು ನಡುಸಮುದ್ರದಲ್ಲಿದ್ದ, ಮುಖ ನೋಡಲು ಸಿಗಲಿಲ್ಲ. ಹಡಗಿನಲ್ಲಿ ಇಟಲಿಯ ಅಡುಗೆಯವರಿಂದ ಕಲಿತ ಕೋಳಿ ಪದಾರ್ಥವೊಂದರ ವಿಷಯ ಅದಕ್ಕೆ ಮೊದಲೇ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದನಂತೆ. "ಮನೆಗೆ ಬಂದಾಗ ಮಾಡಿ ತಿನ್ಸು" ಎಂದಿದ್ದರಂತೆ ಅವರು. ಕರಾರು ಮುಗಿಸಿ ಬಂದವನು ಮಹಾಲಯಕ್ಕೆ ಎರಡು ದಿನ ಮೊದಲೇ ಹೇಳಿದ, "ಆಯಿ, ಈ ಸಲ ಅಪ್ಪಂಗೆ ಕೋಳಿ ನಾ ಮಾಡ್ತೆ."

ನಾನು ಬೇಡ ಅನ್ನಲಿಲ್ಲ. ಹೊರಗಿನ ಅಡುಗೆಯನ್ನು ಎಡೆಗೆ ಇಡಬಹುದೇ ಎಂದು ನೆರೆಯವರೊಬ್ಬರು ಕೇಳಿದರು. ನಮ್ಮ ಕೋಳಿ ಸಾರಿನ ಒಣಮೆಣಸೂ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೇ. ಟೊಮೆಟೊ ಇಟಲಿಗೂ ಅಮೆರಿಕದಿಂದ ಹೋದದ್ದು. ಆ ಪ್ರಶ್ನೆ ನನ್ನನ್ನು ಕಾಡಲಿಲ್ಲ.

ಊರ ಕೋಳಿಯ ತುಂಡುಗಳನ್ನು ಎಣ್ಣೆಯಲ್ಲಿ ಚರ್ಮ ಕೆಂಪಾಗುವವರೆಗೆ ಹುರಿದು ತೆಗೆದಿಟ್ಟ. ಅದೇ ಎಣ್ಣೆಗೆ, ಬೇಸಿಗೆಯಲ್ಲಿ ತಂದು ನೇತುಹಾಕಿದ್ದ ಕುಮಟೆಯ ಸಿಹಿ ಈರುಳ್ಳಿಯ ಕೊನೆಯ ಗೊಂಚಲು, ಕ್ಯಾರೆಟ್, ದೊಣ್ಣೆಮೆಣಸು, ಬೆಳ್ಳುಳ್ಳಿ. ಸೆಲರಿ ಸಿಗದೆ ಕೊತ್ತಂಬರಿ ದಂಟು. ಇಟಲಿಯವರು ವೈನ್ ಹಾಕುತ್ತಾರಂತೆ, ಇವನು ಕಾರವಾರದ ಕ್ರಿಶ್ಚಿಯನ್ ಗೆಳೆಯನ ಮನೆಯಿಂದ ತಂದ ಶೇಂದಿ ವಿನೆಗರನ್ನು ಎರಡು ಚಮಚ ಸುರಿದ. ತಳಕ್ಕೆ ಹತ್ತಿದ್ದ ಕಂದು ಪದರ ಚುರ್ ಎಂದು ಎದ್ದಿತು. ಅದನ್ನು ಮರದ ಸೌಟಿನಿಂದ ಕೆರೆದು ಕೆರೆದು ರಸಕ್ಕೆ ಸೇರಿಸಿದ, "ರುಚಿ ಇರೂದೇ ಇಲ್ಲಿ ಆಯಿ" ಎಂದ. ಟೊಮೆಟೊ, ಕೋಳಿ ಸೇರಿಸಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದೂವರೆ ತಾಸು. ನಮ್ಮಲ್ಲಿ ಕಾಯಿ ಮಸಾಲೆ ಮಾಡುವ ಕೆಲಸವನ್ನು ಅಲ್ಲಿ ಹೊತ್ತು ಮಾಡುತ್ತದೆ.

ಮುಚ್ಚಳ ತೆಗೆದವನೇ ಚಮಚ ಅದ್ದಿ ಬಾಯಿಗೆ ಇಟ್ಟ. ನನ್ನ ಎದೆ ಧಸಕ್ಕೆಂದಿತು. "ಎಂಜಲಾಯ್ತಲ್ಲೋ!" ಅಂದೆ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಉಪ್ಪು ನೋಡ್ದೆ ಅಪ್ಪಂಗೆ ಹ್ಯಾಂಗೆ ಬಡ್ಸೂದು ಆಯಿ?" ಎಂದು ಕೇಳಿದ.

ಅತ್ತೆಯ ನಿಯಮವನ್ನು ನಾನು ಇಂದಿಗೂ ಹಗುರಾಗಿ ಕಾಣುವುದಿಲ್ಲ. ಅದರಲ್ಲಿ ಇರುವುದು ಮಡಿ ಮಾತ್ರವಲ್ಲ. ಹಸಿದ ಹೊಟ್ಟೆಯಲ್ಲಿ, ಘಮ ಮೂಗಿಗೆ ಬಡಿಯುತ್ತಿರುವಾಗ, ಮೊದಲ ತುತ್ತು ನನ್ನದಲ್ಲ ಎಂದು ಕೈ ಹಿಡಿದುಕೊಳ್ಳುವುದು ಸಣ್ಣ ಸಾಧನೆಯಲ್ಲ. ಗೀತೆಯ ಮೂರನೇ ಅಧ್ಯಾಯದಲ್ಲಿ ತನ್ನೊಬ್ಬನಿಗಾಗಿ ಬೇಯಿಸಿಕೊಳ್ಳುವವನ ಪಾಪದ ಮಾತು ಬರುತ್ತದೆ. ಆ ಪಾಪದಿಂದ ಅಡುಗೆಯವಳನ್ನು ಕಾಯುವ ಬೇಲಿ ಇದು. ಕೆಟ್ಟರೆ ಕೆಟ್ಟಿತು, ನನ್ನ ಪಾಲು ತೆಗೆದುಕೊಳ್ಳದೆ ಕೊಟ್ಟೆ ಎನ್ನುವ ಸಮಾಧಾನ ಅದರಲ್ಲಿದೆ.

ಆದರೆ ಮಗ ಮಾಡಿದ ಪದಾರ್ಥದ ಹೆಸರನ್ನು ಕೇಳಿದಾಗ ನನಗೆ ಮಾತು ನಿಂತಿತು. ಪೊಲ್ಲೊ ಅಲ್ಲಾ ಕಚ್ಚಾತೋರಾ. ಬೇಟೆಗಾರರ ರೀತಿಯ ಕೋಳಿ ಎಂದು ಅರ್ಥವಂತೆ. ಕನ್ನಡ ಕಲಿಸಿದವಳು ನಾನು. ಬೇಟೆ, ಮಾಂಸ, ನೈವೇದ್ಯ ಎಂದಕೂಡಲೇ ಕಣ್ಣೆದುರು ಬಂದವನು ಕಣ್ಣಪ್ಪ. ಹರಿಹರ ರಗಳೆ ಬರೆದ, 1954ರಲ್ಲಿ ರಾಜಕುಮಾರ್ ತೆರೆಯ ಮೇಲೆ ನಿಂತು ತೋರಿಸಿದ ಆ ಬೇಡ, ಕಾಳಹಸ್ತಿಯ ಲಿಂಗಕ್ಕೆ ಮಾಂಸವನ್ನು ಬಾಯಲ್ಲಿ ಕಚ್ಚಿ ನೋಡಿ, ಚೆನ್ನಾದದ್ದನ್ನೇ ಆರಿಸಿ ಕೊಟ್ಟವನು. ಅದನ್ನು ಎಂಜಲು ಎಂದು ಹೇಸಿದ್ದು ಅರ್ಚಕ, ಶಿವನಲ್ಲ. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಮನೆಯ ಒಲೆಯ ಮುಂದೆ ನಾನು ಅರ್ಚಕನ ಜಾಗದಲ್ಲೇ ನಿಂತಿದ್ದೆ.

ಕಣ್ಣಪ್ಪ ಉಣ್ಣಲಿಲ್ಲ, ನೋಡಿದ. ಈ ಎರಡರ ನಡುವಿನ ಅಂತರವನ್ನು ನಾಲಿಗೆ ಹೇಳಲಾರದು, ಮನಸ್ಸೇ ಹೇಳಬೇಕು. ನನಗಾಗಿ ಸವಿದರೆ ಎಂಜಲು. ಇನ್ನೊಬ್ಬರಿಗೆ ಸರಿಹೋದೀತೇ ಎಂದು ತಾಗಿಸಿದರೆ ಅದು ಅವರ ಚಾಕರಿ. ಶಬರಿ ಹಣ್ಣು ಕಚ್ಚಿ ನೋಡಿ ಕೊಟ್ಟಳೆಂಬುದು ವಾಲ್ಮೀಕಿಯಲ್ಲಿ ಇಲ್ಲ, ಜನ ಆಮೇಲೆ ಸೇರಿಸಿಕೊಂಡದ್ದು. ಕೊಡುವವರ ಪ್ರೀತಿಗೆ ಅಷ್ಟು ಸಲುಗೆ ಇರಲಿ ಎಂದು ಜನರಿಗೇ ಅನಿಸಿರಬೇಕು.

ಇನ್ನೊಂದು ಮಾತು. ಯಜಮಾನರು ಕಾರವಾರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಉಪ್ಪು ಕಡಿಮೆಯಾದ ದಿನ ಬುತ್ತಿ ಡಬ್ಬಿ ಅರ್ಧ ಉಳಿದು ವಾಪಸು ಬರುತ್ತಿತ್ತು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯವರಿಗೆ ಉಪ್ಪಿನ ವಿಷಯದಲ್ಲಿ ರಾಜಿ ಇಲ್ಲ ಎಂದು ನಾನು ಅಂದುಕೊಳ್ಳುತ್ತಿದ್ದೆ. ಆ ನಾಲಿಗೆಗೆ ಎಡೆ ಇಡುತ್ತಿರುವಾಗ, ಉಪ್ಪು ಕಡಿಮೆಯಿದ್ದರೂ ನಿಯಮ ಉಳಿಯಿತೆಂದು ಕೈಮುಗಿದರೆ, ನಾನು ಯಾರಿಗೆ ಬಡಿಸಿದ ಹಾಗಾಯಿತು?

ಉಪ್ಪು ಕಡಿಮೆಯೇ ಇತ್ತು. ಮಗ ಒಂದು ಚಿಟಿಕೆ ಕಲ್ಲುಪ್ಪು ಹಾಕಿ ಕಲಕಿದ. ಚಮಚ ತೊಳೆದ. ಎಲೆಯ ಮೇಲೆ ಮೊದಲು ಅನ್ನ, ಪಕ್ಕದಲ್ಲಿ ಆ ಕೋಳಿ, ಒಂದು ಕಾಲಿನ ತುಂಡು. ಎಲೆ ಇಟ್ಟು, ಬಾಗಿಲು ಮುಂದೆ ಮಾಡಿ ಇಬ್ಬರೂ ಹೊರಗೆ ಜಗುಲಿಯಲ್ಲಿ ಕೂತೆವು. ಮಳೆ ಸಣ್ಣಗೆ ಬೀಳುತ್ತಿತ್ತು. ಮಗ ಆಗ ಅತ್ತ. ಅಪ್ಪ ಹೋದ ಮೇಲೆ ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಅವರ ಎಡೆಯ ಅಡುಗೆಗೆ ನಾನೂ ಉಪ್ಪು ನೋಡುತ್ತೇನೆ, ಅಂಗೈ ಮೇಲೆ ಒಂದೇ ಹನಿ ಬಿಟ್ಟುಕೊಂಡು. ದೇವರ ಪಾಯಸಕ್ಕೆ ಮಾತ್ರ ಇನ್ನೂ ನೋಡುವುದಿಲ್ಲ. ಕಣ್ಣಪ್ಪನಿಗೆ ಶಿವನೂ ಹಸಿದು ಕೂತ ಮನೆಯವನೇ ಆಗಿದ್ದ. ಅಷ್ಟು ಸಲುಗೆ ನನಗೆ ಇನ್ನೂ ಬಂದಿಲ್ಲ.