ಇಂದಿನ ಚಿಂತನೆ: ಹೊರುವ ಭಾರ ಯಾರಿಗಾಗಿ?



ಭಿಕ್ಕುವಿನ ಪರಿಕರಗಳು 8: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಕಡಿಮೆ ಇಟ್ಟುಕೊಳ್ಳುವುದಷ್ಟೇ ಪಾಠವಾಗಿದ್ದರೆ ಕೊನೆಯದನ್ನು ಬಿಡಬಹುದಿತ್ತು. ಅದನ್ನು ಹೊರುವುದು ನೀರಿನ ಸಣ್ಣ ಜೀವಿಗಳು ನಮ್ಮ ಬಾಯಾರಿಕೆಗೆ ಸಾಯದಿರಲೆಂದು.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಗೆ ನವಿಲಿನ ಫೋಟೋ ತೆಗೆಯಲು ಹೊರಡುವಾಗ ನಾನು ಕ್ಯಾಮೆರಾ ಚೀಲವನ್ನು ಇದೇ ಅಳತೆಗೋಲಿನಿಂದ ತುಂಬುತ್ತೇನೆ. 400 ಎಂಎಂ ಲೆನ್ಸ್ ಭಾರ, ಬೆಟ್ಟ ಹತ್ತುವಾಗ ಹೆಗಲು ನೋಯುತ್ತದೆ. ಆದರೂ ಅದು ಬರಲೇಬೇಕು. ಹೆಣ್ಣು ನವಿಲು ಮೊಟ್ಟೆಯಿಡುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ಹತ್ತಿರ ಹೋದರೆ ಗೂಡು ಬಿಟ್ಟು ಏಳುತ್ತದೆ. ಆ ಲೆನ್ಸ್ ಇದ್ದರೆ ನಾನು ದೂರವೇ ನಿಲ್ಲಬಹುದು. ಫ್ಲ್ಯಾಶ್ ಹಗುರ, ಆದರೆ ಮಬ್ಬುಬೆಳಕಿನಲ್ಲಿ ಹಕ್ಕಿಯನ್ನು ಬೆದರಿಸುತ್ತದೆ; ಅದು ಮನೆಯಲ್ಲೇ ಇರುತ್ತದೆ. ಜೊತೆಗಾರರು ನೋಡಲಿ ಎಂದು "ಇದೂ ಒಂದಿರಲಿ" ಎನ್ನುವ ಲೆನ್ಸ್ ಬರೀ ತಣ್ಹಾ.

ಅಲ್ಪೇಚ್ಛೆಯನ್ನು ತಕ್ಕಡಿಯಲ್ಲಿ ತೂಗಲಾಗದು. ಪ್ರತಿ ವಸ್ತುವನ್ನು ಕೈಗೆತ್ತಿಕೊಂಡಾಗ ಇದು ಯಾರ ಹಿತಕ್ಕೆ ಎಂದು ಕೇಳಿಕೊಂಡರೆ ಚೀಲ ತಾನಾಗಿಯೇ ಸರಿಹೋಗುತ್ತದೆ.

ಇಂದು ನಿಮ್ಮ ಚೀಲ ತೆರೆದು ನೋಡಿ: ಅದರಲ್ಲಿ ನೀರು ಸೋಸುವ ಬಟ್ಟೆ ಯಾವುದು?

ಭವತು ಸಬ್ಬ ಮಂಗಲಂ 🌸