ಮಾವು ಕದ್ದವನ ವಾದ

ನಿವೃತ್ತಿಗೆ ಒಂದು ಸೆಮಿಸ್ಟರ್ ಉಳಿದಿರುವಾಗ ನನ್ನ ತಾತ್ವಿಕ ನಿಲುವು ಬದಲಾಗಿದೆ. ಬ್ರಹ್ಮಸೂತ್ರಭಾಷ್ಯದ ತರ್ಕಪಾದದಲ್ಲಿ ಶಂಕರರು, ಎಲ್ಲವೂ ಕ್ಷಣಮಾತ್ರದ್ದು ಎನ್ನುವ ಬೌದ್ಧರ ಕ್ಷಣಿಕವಾದವನ್ನು ಖಂಡಿಸುವ ಭಾಗಕ್ಕೆ ಬಂದರೆ ತರಗತಿಯಲ್ಲಿ ನನ್ನ ದನಿ ತಾನಾಗಿ ಏರುತ್ತಿತ್ತು. ಕಂಡವನೂ ನೆನೆಯುವವನೂ ಒಬ್ಬನೇ ಆಗಿರಬೇಕು, ಒಬ್ಬ ಉಂಡದ್ದನ್ನು ಇನ್ನೊಬ್ಬ ನೆನೆಯಲಾರ ಎಂಬ ಆ ವಾದಕ್ಕೆ ಎದುರಿಲ್ಲ ಎಂದೇ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ನೆನಪಿಗೆ ಕ್ಷಣಗಳ ಕಡಿಯದ ಸಂತಾನವೊಂದು, ಅಂದರೆ ಹರಿವೊಂದು, ಸಾಕೇನೋ. ಅದರ ಹಿಂದೆ ಬದಲಾಗದವನೊಬ್ಬ ಇರಲೇಬೇಕೆಂದು ನೆನಪೊಂದೇ ಸಾಧಿಸಿಕೊಡುವುದಿಲ್ಲ.

ಹಾಸನದ ಕಡೆ ಪಾಠ ಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಇದು ತಿಳಿದು ಫೋನ್ ಮಾಡಿದಳು. "ಸರ್, ನಿಮ್ಮ ನೋಟ್ಸ್ ಇಟ್ಕೊಂಡೇ ಇವತ್ತಿಗೂ ಪಾಠ ಮಾಡ್ತೀನಿ. ನೀವೇ ಹೀಗಂದ್ರೆ?" ದನಿಯಲ್ಲಿ ಆಕ್ಷೇಪಕ್ಕಿಂತ ನೋವೇ ಹೆಚ್ಚಿತ್ತು.

ಅದನ್ನು ಬರೆದವನು ಬೇರೆ, ನಾನು ಬೇರೆ ಎಂದುಬಿಡಬಹುದೆ? ಬೌದ್ಧರ ಕಡೆ ವಾಲಿದವನಿಗೆ ಅದು ಸಲೀಸಾದ ದಾರಿಯಂತೆ ಕಾಣುತ್ತದೆ. ಆದರೆ ಆ ದಾರಿಯನ್ನು ಮುಚ್ಚಿದವನು ಭಿಕ್ಷು ನಾಗಸೇನನೇ. 'ಮಿಲಿಂದಪ್ರಶ್ನೆ'ಯ ರಥದ ದೃಷ್ಟಾಂತ ಎಲ್ಲರ ಬಾಯಲ್ಲೂ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾವಿನದು. ಪರರ ತೋಟದ ಹಣ್ಣು ಕದ್ದು ಸಿಕ್ಕಿಬಿದ್ದವನು, ಯಜಮಾನ ನೆಟ್ಟ ಮಾವು ಬೇರೆ, ನಾನು ಕಿತ್ತದ್ದು ಬೇರೆ, ನನಗೇಕೆ ಶಿಕ್ಷೆ ಎನ್ನುತ್ತಾನೆ. ಗ್ರೀಕ್ ದೊರೆ ಮಿಲಿಂದ ಅದನ್ನು ಒಪ್ಪುವುದಿಲ್ಲ. ನೆಟ್ಟದ್ದರಿಂದಲೇ ಕಿತ್ತದ್ದು ಬಂದಿದೆ; ಹೊಣೆಗೆ ಅಷ್ಟು ನಂಟು ಸಾಕು. ಹಾಗಾಗಿ ಆ ಹುಡುಗಿಗೆ ಉತ್ತರ ಕೊಡಬೇಕಾದವನು ನಾನೇ, ನನ್ನೊಳಗೆ ಶಾಶ್ವತ ಆತ್ಮವಿರಲಿ ಬಿಡಲಿ.

ವಿಟ್‌ಗೆನ್‌ಸ್ಟೈನ್ ಈ ವಿಷಯದಲ್ಲಿ ದೊಡ್ಡವನು. 1921ರ ತನ್ನ ಗ್ರಂಥದಲ್ಲಿ ಗಂಭೀರ ತಪ್ಪುಗಳು ಕಂಡ ಮೇಲೂ ಅದನ್ನೂ ಹೊಸ ಚಿಂತನೆಯನ್ನೂ ಒಟ್ಟಿಗೆ ಅಚ್ಚು ಹಾಕಿಸಬೇಕೆಂದು ಬಯಸಿದ್ದಾಗಿ ನಂತರದ ಕೃತಿಯ 1945ರ ಮುನ್ನುಡಿಯಲ್ಲಿ ಬರೆದಿದ್ದಾನೆ. ಹಳೆಯದರ ಎದುರು ಇಟ್ಟಾಗಲೇ ಹೊಸದು ಸರಿಯಾಗಿ ಕಾಣುವುದು.

"ಪಾಠ ನಿಲ್ಲಿಸಬೇಡಮ್ಮ," ಎಂದೆ. "ಶಂಕರರ ವಾದವನ್ನು ಪೂರ್ತಿ ಬಲದಲ್ಲೇ ಹೇಳು. ಕ್ಷಣಿಕವಾದಿ ಅದಕ್ಕೆ ಏನೆನ್ನಬಹುದು ಅಂತ ನಾನು ಬರೆದು ಕಳಿಸ್ತೀನಿ, ಅದನ್ನೂ ಹೇಳು." ಮಾವಿನ ಕಥೆಯನ್ನೂ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹೊಣೆ ಸರಿ, ಸರ್. ಆದ್ರೆ ಹಣ್ಣಿಗೆ ತನ್ನ ಬೀಜದ ನೆನಪಿರುತ್ತಾ? ಶಂಕರರು ಕೇಳಿದ್ದು ಅದನ್ನೇ ಅಲ್ವಾ?"

ಬಲವಾದ ಪ್ರಶ್ನೆ. ಬರುವ ಸೋಮವಾರದ ತರಗತಿಗೆ ಅದನ್ನೇ ಪೂರ್ವಪಕ್ಷವಾಗಿ ಇಟ್ಟುಕೊಂಡಿದ್ದೇನೆ.