ತೂಗುವ ಭಾರದ ಹೊಣೆ

ಮನುಷ್ಯನು ತನ್ನ ಅಂಗಳದಲ್ಲಿ ತನ್ನ ವಸ್ತುವನ್ನು ತಾನೇ ಬಿಚ್ಚುವಾಗ ಜೀವಕ್ಕೆ ಅಪಾಯ ತಂದುಕೊಂಡರೆ, ಅದು ಅವನೊಬ್ಬನ ವಿಚಾರವೆ? ಈ ಪ್ರಶ್ನೆಯನ್ನು ನಾವು ಶಾಸ್ತ್ರಗ್ರಂಥಗಳಿಂದ ಎತ್ತಿಕೊಳ್ಳದೆ, ಕಾರಿನ ಎಂಜಿನ್ನನ್ನು ಮನೆಯಲ್ಲಿಯೇ ಇಳಿಸುವ ಕೆಲಸದಿಂದ ಎತ್ತಿಕೊಳ್ಳೋಣ.

ಅಂಬಾಸಡರ್ ಕಾರನ್ನೇ ಉದಾಹರಣೆಗೆ ಇಟ್ಟುಕೊಳ್ಳಬಹುದು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಿಂದ ಹುಟ್ಟಿದ ಈ ವಾಹನದ ತಯಾರಿಕೆಯು 2014ರಲ್ಲಿ ನಿಂತಿತು. ಉಳಿದ ಕಾರುಗಳನ್ನು ಅವುಗಳ ಒಡೆಯರು ರಿಪೇರಿಮಾಡಿಕೊಂಡೇ ಓಡಿಸಬೇಕು. ಅದರ ಎಂಜಿನ್ನು ಒಂದು ಕ್ವಿಂಟಲಿಗೂ ಮೀರಿ ತೂಗತಕ್ಕದ್ದು.

ಕೆಲಸಕ್ಕೊಂದು ಕ್ರಮವಿದೆ. ಎಂಜಿನ್ನು ತಣ್ಣಗಾದ ಮೇಲೆಯೇ ಕೈಹಚ್ಚಬೇಕು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಇಲ್ಲವಾದರೆ ಸ್ಪ್ಯಾನರ್ ತಗುಲಿ ಕಿಡಿ ಹಾರೀತು, ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಪೆಟ್ರೋಲಿನ ಕೊಳವೆಯ ಬಾಯನ್ನು ಮುಚ್ಚಬೇಕು. ರೇಡಿಯೇಟರಿನ ನೀರನ್ನೂ ಎಂಜಿನ್ನಿನ ಎಣ್ಣೆಯನ್ನೂ ಪಾತ್ರೆಗೆ ಇಳಿಸಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಸರಪಳಿಯ ರಾಟೆಯು ಭಾರವನ್ನು ಹಿಡಿದ ಮೇಲೆಯೇ ಎಂಜಿನ್ನನ್ನು ಕೂರಿಸಿದ ಬೋಲ್ಟುಗಳನ್ನು ಬಿಚ್ಚತಕ್ಕದ್ದು. ಗೇರ್‌ಬಾಕ್ಸನ್ನು ಕಾರಿನಲ್ಲಿಯೇ ಬಿಡುವುದಾದರೆ ಅದಕ್ಕೂ ಕೆಳಗಿನಿಂದ ಆಧಾರವಿರಬೇಕು. ಕಾರಿನ ಅಡಿಗೆ ಹೋಗಬೇಕಾದಾಗ ಜಾಕನ್ನೊಂದನ್ನೇ ನಂಬಬಾರದು. ಜಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಗಟ್ಟಿಯಾದ ಸ್ಟ್ಯಾಂಡುಗಳೇ ಬೇಕು.

ಇಲ್ಲಿ ರಾಟೆಯ ಸ್ವಭಾವವು ವಿಚಾರಮಾಡತಕ್ಕದ್ದು. ಕ್ವಿಂಟಲಿನ ಭಾರವನ್ನು ಒಬ್ಬನೇ ಮನುಷ್ಯನು ಸರಪಳಿ ಜಗ್ಗಿ ಎತ್ತಬಲ್ಲನು. ಆದರೆ ರಾಟೆಯು ಭಾರವನ್ನು ಕೈಗೆ ಹಗುರಮಾಡುತ್ತದೆ. ಅದನ್ನು ತೂಗುಹಾಕಿದ ತೊಲೆಗೆ ಹಗುರಮಾಡುವುದಿಲ್ಲ. ತೊಲೆಯು ಎಂಜಿನ್ನಿನ ಪೂರ್ತಿ ತೂಕವನ್ನೂ, ಅದರ ಮೇಲೆ ಕೈಯ ಜಗ್ಗನ್ನೂ ಹೊರಬೇಕು. ಹೆಂಚಿನ ಮಾಡಿಗೆಂದು ಇಟ್ಟ ತೊಲೆ, ನೆರಳಿಗೆಂದು ಬೆಳೆಸಿದ ಹುಣಿಸೆಯ ಕೊಂಬೆ ಇವು ಆ ಭಾರಕ್ಕೆ ಒಪ್ಪಿಕೊಂಡವುಗಳಲ್ಲ. ಕೈಗೆ ಹಗುರವೆನಿಸಿತೆಂದು ಭಾರವೇ ಇಲ್ಲವೆಂದು ತಿಳಿಯುವುದು ಭ್ರಾಂತಿ.

‘ನನ್ನ ಜೀವ, ನನ್ನ ಇಷ್ಟ’ ಎಂಬ ಮಾತಿನಲ್ಲಿಯೂ ಇದೇ ಭ್ರಾಂತಿಯಿದೆಯೆಂದು ನಮ್ಮ ಅಭಿಪ್ರಾಯ. ಆಡುವವನಿಗೆ ಆ ಮಾತು ಹಗುರ. ಅದರ ಭಾರವನ್ನು ಹೊರುವವರು ಬೇರೆ: ಸರಪಳಿ ಹಿಡಿಯಲು ಬಂದ ತಮ್ಮ, ನೋಡಲು ಓಡಿಬಂದ ಮಗು, ಕೈ ಮುರಿದವನಿಗೆ ಉಣ್ಣಿಸಬೇಕಾದ ಮಡದಿ. ಚೆಲ್ಲಿದ ಎಣ್ಣೆ ನೆರೆಯವರ ಬಾವಿಯನ್ನು ಕೆಡಿಸೀತು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ಬೀದಿಯ ನಾಯಿ ಅದನ್ನು ನೆಕ್ಕಿ ಸತ್ತೀತು. ಇವರಾರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ.

ಹಾಗಾದರೆ ಇಂತಹ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದೆ, ಸ್ವಾವಲಂಬನೆಯು ಗುಣವಲ್ಲವೆ ಎಂದು ಯಾರಾದರೂ ಕೇಳಬಹುದು. ಗುಣವೇ ಸರಿ. ಕೈಕೆಲಸವನ್ನು ಕೀಳೆಂದು ಎಣಿಸುವ ವಿದ್ಯೆಯು ವಿದ್ಯೆಯಲ್ಲ. ಆದರೆ ಸ್ವಾವಲಂಬಿಯು ತಾನು ಯಾವುದನ್ನು ಅವಲಂಬಿಸಿದ್ದೇನೆಂದು ಬಲ್ಲವನಾಗಿರಬೇಕು. ತೊಲೆಯ ಶಕ್ತಿಯನ್ನು ಅರಿಯದವನು ಭಾರ ತೂಗಿಸಬಾರದು. ಭಾರ ಹೊರಲೆಂದೇ ಮಾಡಿದ ಎತ್ತುಗವನ್ನು ಬಾಡಿಗೆಗೆ ತರಬೇಕು, ಇಲ್ಲವೆ ಬಲ್ಲವರನ್ನು ಕರೆಯಬೇಕು. ತೂಗುವ ಎಂಜಿನ್ನಿನ ಕೆಳಗೆ ತಾನೂ ಕೈಯಿಡಬಾರದು, ಇನ್ನೊಬ್ಬನನ್ನೂ ಇಡಗೊಡಬಾರದು. ಅರ್ಧ ಎತ್ತಿದ ಮೇಲೆ ಸಂಶಯ ಬಂದರೆ ಮೆಲ್ಲನೆ ಇಳಿಸಿ, ‘ನಾಳೆ ನೋಡೋಣ’ ಎನ್ನಬೇಕು. ನೆರೆದವರೆದುರು ಹಾಗೆನ್ನಲು ಎಂಜಿನ್ನನ್ನು ಎತ್ತುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಮಕ್ಕಳಿಗೆ ನಾವು ಕಲಿಸತಕ್ಕ ಧೈರ್ಯವು ಅದೇ.